ಸ್ಟೆಂಟಿಗೆ ವಿಮೆ ಕೊಟ್ಟಿತು, ಕೊಲೆಸ್ಟ್ರಾಲ್ ಮಾತ್ರೆಗೆ?

ಅಪ್ಪನಿಗೆ ಆಂಜಿಯೋಪ್ಲಾಸ್ಟಿ ಆದಾಗ, ಅಂದರೆ ಹೃದಯದ ರಕ್ತನಾಳ ಬಿಡಿಸಿ ಸ್ಟೆಂಟ್ ಹಾಕಿದಾಗ, ಆಸ್ಪತ್ರೆ ಬಿಲ್ಲಿನ ಬಹುಪಾಲು ಕ್ಯಾಶ್‌ಲೆಸ್‌ನಲ್ಲೇ ಮುಗಿಯಿತು. ಆಮೇಲೆ ಶುರುವಾಗಿದ್ದು ದಿನಾ ರಾತ್ರಿಯ ಕೊಲೆಸ್ಟ್ರಾಲ್ ಮಾತ್ರೆ, ಅಟೋರ್ವಾಸ್ಟಾಟಿನ್ 80 ಮಿ.ಗ್ರಾಂ. ನಿಲ್ಲಿಸುವ ಹಾಗಿಲ್ಲ ಅಂದರು ಡಾಕ್ಟರು. ನಮ್ಮಲ್ಲಿ ಸಾಮಾನ್ಯ ಆರೋಗ್ಯ ವಿಮೆ ಕೆಲಸಕ್ಕೆ ಬರೋದು ಆಸ್ಪತ್ರೆಗೆ ದಾಖಲಾದರೆ. ಒಪಿಡಿ ಕವರ್ (ದಾಖಲಾಗದೆ ಪಡೆಯುವ ಚಿಕಿತ್ಸೆಗೂ ವಿಮೆ) ಇಲ್ಲದಿದ್ದರೆ ಮೆಡಿಕಲ್ ಶಾಪಿನ ಖರ್ಚೆಲ್ಲ ನಮ್ಮ ಜೇಬಿನದೇ.

ಆದರೂ ಮೊದಲ ಎರಡು ತಿಂಗಳ ಮಾತ್ರೆ ದುಡ್ಡು ನಮಗೆ ವಾಪಸ್ ಬಂತು. ಡಿಸ್ಚಾರ್ಜ್ ಆದ ಮೇಲಿನ ಔಷಧಿ, ರಕ್ತಪರೀಕ್ಷೆ, ಡಾಕ್ಟರ್ ಫೀಸು ಅದೇ ಕಾಯಿಲೆಗೆ ಸಂಬಂಧಪಟ್ಟಿದ್ದರೆ ಇಂತಿಷ್ಟು ದಿನದವರೆಗೆ ಅಂತ ಸಾಮಾನ್ಯವಾಗಿ ಪಾಲಿಸಿಯಲ್ಲೇ ಸೇರಿರುತ್ತದೆ. ನಮ್ಮದರಲ್ಲಿ 60 ದಿನ. ಕೆಲವು ಪಾಲಿಸಿಗಳಲ್ಲಿ 90, 180 ದಿನವೂ ಉಂಟು. ಆಯುಷ್ಮಾನ್ ಭಾರತ್‌ನಲ್ಲಿ 15 ದಿನ. ನಮ್ಮ ಪಾಲಿಸಿಯಲ್ಲಿ ಈ ಖರ್ಚು ಕ್ಯಾಶ್‌ಲೆಸ್ ಅಲ್ಲ, ಮೊದಲು ನಾವು ಕೊಟ್ಟು ಆಮೇಲೆ ಕ್ಲೇಮ್ ಹಾಕಬೇಕು.

"ಅಷ್ಟು ದುಡ್ಡಿಗೆ ಯಾಕಮ್ಮ ಒದ್ದಾಡ್ತೀಯ?" ಅಂದರು ಅಪ್ಪ. ಒಂದು ಮಾತ್ರೆಗಾದರೆ ಹೌದು. ಆದರೆ ರಕ್ತ ತೆಳು ಮಾಡುವ ಮಾತ್ರೆ, ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ನೋಡುವ ಲಿಪಿಡ್ ಪ್ರೊಫೈಲ್ ರಕ್ತಪರೀಕ್ಷೆ, ಮರುಭೇಟಿಯ ಫೀಸು ಎಲ್ಲಾ ಸೇರಿದರೆ ಸುಮ್ನೆ ಬಿಡುವ ಮೊತ್ತವಲ್ಲ.

ಇಲ್ಲಿ ಕಷ್ಟ ಇರೋದು ಬಿಲ್ಲಿನಲ್ಲಿ. ನಮ್ಮ ಬೀದಿಯ ಅಂಗಡಿಯವರು ಚೀಟಿ ಮೇಲೆ 'ಮೆಡಿಸಿನ್' ಅಂತ ಗೀಚಿ ಮೊತ್ತ ಬರೆದು ಕೊಡ್ತಾರೆ. ಅದು ನಡೆಯೋಲ್ಲ. ಕಂಪ್ಯೂಟರ್ ಬಿಲ್ಲೇ ಕೇಳಿದೆ: ರೋಗಿಯ ಹೆಸರು, ಡಾಕ್ಟರ ಹೆಸರು, ಮಾತ್ರೆಯ ಹೆಸರು, ಬ್ಯಾಚ್ ನಂಬರು, ತಾರೀಖು. ಪ್ರತಿ ಬಿಲ್ಲಿಗೂ ಅದಕ್ಕೆ ಹೊಂದುವ ಪ್ರಿಸ್ಕ್ರಿಪ್ಷನ್ ಪಿನ್ ಮಾಡಿದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮಾತ್ರೆ ಬರೆದಿದ್ದು 15 ದಿನಕ್ಕೆ ಮಾತ್ರ, ಹಾಗಾಗಿ ಮರುಭೇಟಿಯಲ್ಲಿ ಹೊಸ ಚೀಟಿ ಬರೆಸಿಕೊಂಡೆ. 60 ದಿನ ಮುಗಿಯುವ ಹೊತ್ತಿಗೆ ಆರು ತಿಂಗಳ ಮಾತ್ರೆ ಒಟ್ಟಿಗೆ ಕೊಂಡುಬಿಡೋಣ ಅಂತ ಅಣ್ಣನ ಐಡಿಯಾ. ಬೇಡ ಅಂದೆ. ಅವಧಿಯ ಆಚೆಗಿನ ಮಾತ್ರೆ ದುಡ್ಡನ್ನು ಕ್ಲೇಮ್ ನೋಡುವವರು ಸಲೀಸಾಗಿ ಕತ್ತರಿಸ್ತಾರೆ, ಜೊತೆಗೆ ಉಳಿದ ಬಿಲ್ಲಿನ ಮೇಲೂ ಕಣ್ಣು ಬೀಳುತ್ತೆ. ಡಾಕ್ಟರು ಬರೆಯದ ಪ್ರೋಟೀನ್ ಪುಡಿಯ ಬಿಲ್ಲನ್ನು ಸೇರಿಸಲೇ ಇಲ್ಲ.

ಕ್ಲೇಮ್ ಫಾರಂ, ಡಿಸ್ಚಾರ್ಜ್ ಸಮ್ಮರಿ ನಕಲು, ಮೂಲ ಬಿಲ್ಲುಗಳು, ಕ್ಯಾನ್ಸಲ್ ಮಾಡಿದ ಚೆಕ್. ನಮ್ಮ ಪಾಲಿಸಿಯ ಪ್ರಕಾರ ಅವಧಿ ಮುಗಿದ 15 ದಿನದೊಳಗೆ ಕಳಿಸಬೇಕಿತ್ತು, ಕಳಿಸಿದೆ. ಎಲ್ಲದರ ಫೋಟೋ ಮೊದಲೇ ತೆಗೆದಿಟ್ಟುಕೊಂಡಿದ್ದೆ.

ಆ 60 ದಿನ ಮುಗಿದ ಮೇಲೆ ಈಗ ವಿಮೆಯ ಮಾತೇ ಇಲ್ಲ. ಡಾಕ್ಟರ ಹತ್ತಿರ ಬ್ರಾಂಡ್ ಬದಲು ಔಷಧಿಯ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ತರ್ತೀವಿ, ಖರ್ಚು ಅರ್ಧಕ್ಕಿಂತ ಕಡಿಮೆ. 80ರದ್ದು ಸ್ಟಾಕ್ ಇಲ್ಲದಾಗ 40ರದ್ದು ಎರಡು ಕೊಡ್ತಾರೆ. ಅದು ಸರಿನಾ ಅಂತ ಡಾಕ್ಟರನ್ನು ಕೇಳಿ ಚೀಟಿಯಲ್ಲೇ ಬರೆಸಿಟ್ಟಿದ್ದೀನಿ. ಇಲ್ಲಾಂದ್ರೆ ಅಪ್ಪ ಒಂದೇ ನುಂಗಿ ಮಲಗಿಬಿಡ್ತಾರೆ.