ಅದಿರಿನ ದಾರಿಯಲ್ಲಿ ನನ್ನ ಟೈರ್ ಅಂಗಡಿ

ಕಬ್ಬಿಣದ ಅದಿರಿನ ಲಾರಿಗಳ ಕಾಲದಲ್ಲಿ ಅಂಕೋಲಾದ ಬಾಳೆಗುಳಿ ಹತ್ತಿರ ನನ್ನ ಟೈರ್ ಅಂಗಡಿ ಇತ್ತು. ಹುಬ್ಬಳ್ಳಿ ರಸ್ತೆ ಬಂದು ಕಾರವಾರದ ಹೆದ್ದಾರಿ ಸೇರುವ ಜಾಗ. ಸಂಡೂರು, ಹೊಸಪೇಟೆ ಕಡೆಯ ಲೋಡು ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಇಲ್ಲಿ ತಿರುಗಿ ಬೇಲೆಕೇರಿ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಬಾರ್ಜ್, ಬಾರ್ಜಿನಿಂದ ನಡುಸಮುದ್ರದ ಹಡಗು, ಹಡಗಿನಿಂದ ಚೀನಾ.

ಆಗ ಊರವರಿಗೆಲ್ಲ ದುಡ್ಡಿನ ದಾರಿ ಅಂದರೆ ಲಾರಿ. ತೋಟ ಅಡವಿಟ್ಟು ಲಾರಿ, ದೋಣಿ ಮಾರಿ ಲಾರಿ, ಮಗಳ ಮದುವೆಗೆ ಇಟ್ಟ ಚಿನ್ನದ ಮೇಲೆ ಲಾರಿ. ನನ್ನನ್ನೂ ಪಾಲಿಗೆ ಕರೆದವರಿದ್ದರು. ನಾನು ಹೋಗಲಿಲ್ಲ. ದೊಡ್ಡ ಸತ್ಯಸಂಧ ಅಂತಲ್ಲ, ಅವರ ಟೈರ್ ನೋಡಿದ್ದೆ, ಅಷ್ಟೇ.

ಹತ್ತು ಚಕ್ರದ ಲಾರಿಗೆ ಆಗಿನ ಕಾನೂನಿನಂತೆ ಗಾಡಿ ತೂಕವೂ ಸೇರಿ 25 ಟನ್. ಅಂದರೆ ಮಾಲು 16 ಟನ್ ಆಸುಪಾಸು. ಆದರೆ ಬಾಡಿಗೆ ಕೊಡುತ್ತಿದ್ದದ್ದು ಟನ್ ಲೆಕ್ಕದಲ್ಲಿ. 16 ಟನ್ ಹೇರಿದರೆ ಡೀಸೆಲ್, ಡ್ರೈವರ್ ಭತ್ಯೆ, ದಾರಿಯ ಮಾಮೂಲಿ ಕಳೆದು ಬ್ಯಾಂಕಿನ ಕಂತಿಗೆ ಏನೂ ಉಳಿಯುತ್ತಿರಲಿಲ್ಲ. ಲಾಭ ಶುರುವಾಗುವುದೇ ಕಾನೂನು ಮುಗಿದ ಮೇಲೆ. ಲಾರಿಯವರಿಗೆ ದುರಾಸೆ ಅಂತ ಬೈಯುವವರು ಈ ಲೆಕ್ಕ ಹಾಕಿ ನೋಡಬೇಕು. ಆ ದರ ನಿಗದಿ ಮಾಡಿದವರು ಘಟ್ಟದಲ್ಲಿ ಬ್ರೇಕ್ ತುಳಿಯುತ್ತಿರಲಿಲ್ಲ ನೋಡಿ.

ಅದಿರಿನ ಭಾರ ಕಣ್ಣಿಗೆ ಕಾಣುವುದಿಲ್ಲ. ಬಾಡಿ ಅರ್ಧ ಖಾಲಿ ಇದ್ದರೂ ಗಾಡಿ ನರಳುತ್ತಿರುತ್ತದೆ. ಟೈರ್ ಮಾತ್ರ ಸುಳ್ಳು ಹೇಳುವುದಿಲ್ಲ. ಹಿಂದಿನ ಜೋಡಿ ಟೈರ್‌ಗಳು ಊದಿಕೊಂಡು ಒಂದಕ್ಕೊಂದು ಉಜ್ಜಿದ ಗುರುತು ಒಳಗೋಡೆಯಲ್ಲಿ ಇರುತ್ತದೆ. ಅಂಚು ಮೊದಲು ಸವೆದಿರುತ್ತದೆ. ಬ್ರೇಕ್ ಡ್ರಮ್ಮಿನ ಬಿಸಿಗೆ ಡಿಸ್ಕ್, ಅಂದರೆ ಟೈರ್ ಕೂರುವ ಕಬ್ಬಿಣದ ಚಕ್ರ, ಅದರ ಪಕ್ಕದ ರಬ್ಬರ್ ಸುಟ್ಟು ಬಿರುಕು ಬಿಟ್ಟಿರುತ್ತದೆ. ಹೊಸ ಟೈರ್ ಹಾಕಿಸಿಕೊಂಡು ಹೋದವರು ಅದು ಅರ್ಧ ಬಾಳಿಕೆಯನ್ನೂ ಮುಗಿಸುವ ಮೊದಲೇ ವಾಪಸ್ ಬರುತ್ತಿದ್ದರು. ನನಗೆ ವ್ಯಾಪಾರ, ಅವರಿಗೆ ಕಂತಿನ ಮೇಲೆ ಇನ್ನೊಂದು ಸಾಲ.

ಘಟ್ಟ ಇಳಿದು ಬಂದ ಗಾಡಿಗೆ ತಕ್ಷಣ ಕೈ ಹಚ್ಚುತ್ತಿರಲಿಲ್ಲ. ‘ಬೇಗ ಮಾಡಣ್ಣಾ, ಬಂದರಿನಲ್ಲಿ ಲೈನ್ ತಪ್ಪುತ್ತೆ’ ಅಂತ ಹೊಸಪೇಟೆ ಹುಡುಗರು ಅವಸರ ಮಾಡುತ್ತಿದ್ದರು. ಚಹಾ ಕುಡಿದು ಬನ್ನಿ ಅನ್ನುತ್ತಿದ್ದೆ. ಬಿಸಿ ಟೈರಿನ ಗಾಳಿ ಇಳಿಸಬಾರದು. ಬಿಸಿಗೆ ಏರಿದ ಗಾಳಿ ಕಡಿಮೆ ಮಾಡಿದರೆ ತಣ್ಣಗಾದ ಮೇಲೆ ಟೈರ್ ಮೆತ್ತಗಾಗಿ ಇನ್ನೂ ಜಾಸ್ತಿ ಕಾಯುತ್ತದೆ. ಡ್ರಮ್ಮಿಗೆ ನೀರು ಸುರಿಯುವುದಕ್ಕೂ ಬಿಡುತ್ತಿರಲಿಲ್ಲ, ಸೀಳುತ್ತದೆ.

ಕಳ್ಳಮಾಲು ರಾತ್ರಿ ಬರುತ್ತಿತ್ತು. ಸ್ಟೆಪ್ನಿ ಟೈರ್, ಜಾಕಿ, ಕ್ಯಾನಿನಲ್ಲಿ ಡೀಸೆಲ್. ಅರ್ಧ ಬೆಲೆಗೆ ತೆಗೆದುಕೊಳ್ಳಿ ಅಂತ ಒಬ್ಬ ಟೈರ್ ಇಳಿಸಿ ನಿಂತರೆ, ಅದೇ ಟೈರ್ ಕಳೆದುಕೊಂಡವನು ಬೆಳಿಗ್ಗೆ ಬಂದು ಹೊಸದಕ್ಕೆ ಚೌಕಾಸಿ ಮಾಡುತ್ತಿದ್ದ. ನಾನು ಒಂದು ಪುಸ್ತಕ ಇಟ್ಟೆ. ಪ್ರತಿ ಟೈರಿನ ಗೋಡೆಯ ಮೇಲೆ ಕಂಪನಿ ಅಚ್ಚು ಹಾಕಿದ ನಂಬರ್ ಇರುತ್ತದಲ್ವಾ, ಅದನ್ನು ಗಾಡಿ ನಂಬರಿನ ಎದುರು ಬರೆದುಕೊಳ್ಳುವುದು. ಮಾರಲು ಬಂದವನ ಎದುರೇ ಪುಸ್ತಕ ತೆಗೆದು ಬೆರಳಿಟ್ಟು ನೋಡುತ್ತಿದ್ದೆ. ಎಷ್ಟೋ ಸಲ ನಾನು ತಲೆ ಎತ್ತುವಷ್ಟರಲ್ಲಿ ಆಳೇ ಇರುತ್ತಿರಲಿಲ್ಲ.

ಉದ್ರಿ ವಿಷಯದಲ್ಲೂ ಹಟ ಹಿಡಿದೆ. ದುಡ್ಡಿಲ್ಲದಿದ್ದರೆ ಹಳೇ ಟೈರ್ ಡಿಸ್ಕ್ ಸಮೇತ ಇಟ್ಟು ಹೋಗಬೇಕು. ಮಾತಿನ ಮೇಲೆ ಸಾಮಾನು ಕೊಟ್ಟ ಪಕ್ಕದ ಸ್ಪೇರ್‌ಪಾರ್ಟ್ಸ್ ಅಂಗಡಿಯವರು ನನ್ನನ್ನು ಜಿಪುಣ ಅಂದರು. ಅವರ ಅಂಗಡಿಗೆ ಗಾಜಿನ ಬಾಗಿಲು ಬಂತು, ನನ್ನದು ತಗಡಿನ ಮಾಡಿನಲ್ಲೇ ಉಳಿಯಿತು.

2010ರ ಮಾರ್ಚ್‌ನಲ್ಲಿ ಲೋಕಾಯುಕ್ತದ ತನಿಖೆಯ ಬೆನ್ನಿಗೆ ಅರಣ್ಯ ಇಲಾಖೆಯವರು ಬೇಲೆಕೇರಿಗೆ ಬಂದು ಸುಮಾರು 8 ಲಕ್ಷ ಟನ್ ಅದಿರು ಜಪ್ತಿ ಮಾಡಿದರು. ಜುಲೈನಲ್ಲಿ ಸರ್ಕಾರ ರಫ್ತನ್ನೇ ನಿಲ್ಲಿಸಿತು. ಮರುವರ್ಷ ಜುಲೈ ಕೊನೆಗೆ ಬಳ್ಳಾರಿಯ ಗಣಿಗಾರಿಕೆಗೂ ಸುಪ್ರೀಂ ಕೋರ್ಟ್ ತಡೆ ಹಾಕಿತು. ಫೈನಾನ್ಸಿನವರು ಲಾರಿ ಎಳೆದುಕೊಂಡು ಹೋಗುವಾಗ ಕೆಲವರು ರಾತ್ರಿಯೇ ಒಳ್ಳೆ ಟೈರ್ ಬಿಚ್ಚಿ ಬೋಳು ಟೈರ್ ಹಾಕಿಟ್ಟಿದ್ದರು. ಬಿಚ್ಚಿದವು ನನ್ನ ಅಂಗಡಿಗೇ ಬಂದವು. ಸಾಲ ಇರುವ ಗಾಡಿಯದ್ದು ಬೇಡ ಅಂತ ತಿರುಗಿಸಿ ಕಳಿಸಿದೆ. ಅದರಲ್ಲಿ ಸ್ನೇಹ ಕೆಟ್ಟದ್ದೂ ಇದೆ.

ಆಮೇಲೆ ಗೊತ್ತಾಯಿತು, ಆ ಜಪ್ತಿ ಮಾಲಿನಲ್ಲೇ ಲಕ್ಷಗಟ್ಟಲೆ ಟನ್ ಕಾವಲಿನಲ್ಲಿದ್ದಾಗಲೇ ಹಡಗು ಹತ್ತಿ ಹೋಗಿದೆ ಅಂತ. 5 ಲಕ್ಷ ಟನ್ ಅಂತ ಇಟ್ಟುಕೊಂಡು 16ರಿಂದ ಭಾಗಿಸಿ ನೋಡಿ. 31,000 ಲಾರಿ ಲೋಡು! ಇಲ್ಲಿ ನಾನು ಒಂದು ಸ್ಟೆಪ್ನಿಗೆ ನಂಬರ್ ಬರೆದುಕೊಳ್ಳುತ್ತಾ ಕೂತಿದ್ದೆ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಾಸಕರೊಬ್ಬರೂ ಸೇರಿ ಹಲವರಿಗೆ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳು ಹೈಕೋರ್ಟ್ ಅದನ್ನು ಅಮಾನತಿನಲ್ಲಿಟ್ಟಿತು.

ನನ್ನ ವ್ಯಾಪಾರ ಮೀನಿನ ಗಾಡಿಗಳ ಕಡೆ ತಿರುಗಿತು, ಹೆದ್ದಾರಿ ಅಗಲ ಮಾಡುವ ಕೆಲಸ ಬಂದ ಮೇಲೆ ಟಿಪ್ಪರ್‌ಗಳ ಕಡೆ. ಅವರ ಬಾಡಿಗೆ ಟ್ರಿಪ್ ಲೆಕ್ಕದಲ್ಲೋ ಟನ್ ಲೆಕ್ಕದಲ್ಲೋ ಅಂತ ಮೊದಲು ಕೇಳುತ್ತೇನೆ. ಟನ್ ಅಂದರೆ ಉದ್ರಿ ಇಲ್ಲ.