ಸ್ವಾಹಿಲಿ ಎಣಿಕೆ: ಬದಲಾಗುವ ಆರು, ಬದಲಾಗದ ನಾಲ್ಕು

ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಅಂಕಿಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದರೆ ಸಂತೆಯಲ್ಲಿ ಕೈಕೊಡುತ್ತವೆ. ನಾನು ಅವನ್ನು ಎರಡು ಗುಂಪು ಮಾಡಿಕೊಂಡು ಕಲಿತೆ. ಮೋಜ, ಮ್ಬೀಲಿ, ತಾತು, ನ್ನೆ, ತಾನೊ, ನಾನೆ (1, 2, 3, 4, 5, 8) ಬಾಂಟು ಮೂಲದವು, ಅಂದರೆ ಸ್ವಾಹಿಲಿ ಸೇರಿದ ಆಫ್ರಿಕಾದ ಭಾಷಾ ಕುಟುಂಬದ ಸ್ವಂತ ಪದಗಳು. ಎಣಿಸುವ ವಸ್ತುವಿಗೆ ತಕ್ಕಂತೆ ತಲೆ ಬದಲಿಸುತ್ತವೆ. ಸೀತ, ಸಾಬ, ತೀಸ (6, 7, 9) ಅರಬ್ಬಿಯಿಂದ ಬಂದವು, ಅಲುಗುವುದಿಲ್ಲ. ಕೂಮಿ (10) ಬಾಂಟು ಪದವಾದರೂ ಅಲುಗದು. ಒಂಬತ್ತಕ್ಕೆ ಹಿಂದೆ ಇದ್ದ ಬಾಂಟು ಪದ ಕೆಂಡ, ಈಗ ಅಪರೂಪ.

ಇಬ್ಬರು ಹುಡುಗರು, ಎರಡು ಮರ ಎನ್ನುವ ನಮಗೆ ಇದು ತೀರ ಹೊಸದಲ್ಲ. ನಮ್ಮಲ್ಲಿ ಎರಡೇ ಬಗೆ, ಅಲ್ಲಿ ಹಲವು. ಇಬ್ಬರು ಜನ ‘ವಾತು ವವೀಲಿ’, ಎರಡು ಮರ ‘ಮೀತಿ ಮಿವೀಲಿ’, ಎರಡು ಪುಸ್ತಕ ‘ವಿತಾಬು ವಿವೀಲಿ’, ಎರಡು ಕಣ್ಣು ‘ಮಾಚೊ ಮವೀಲಿ’, ಎರಡು ಮನೆ ‘ನ್ಯುಂಬ ಮ್ಬೀಲಿ’. ವಸ್ತು ಮೊದಲು, ಸಂಖ್ಯೆ ಆಮೇಲೆ. ಬರಿಯ ಅಂಕಿ ಉರು ಹೊಡೆಯುವ ಬದಲು ಈ ಐದು ನಾಮಪದಗಳ ಜೊತೆ ಎರಡರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸಿ. ಮ್ಬೀಲಿಗೆ ಮುಂದೆ ‘ಇ’ ಸೇರಿಸಬೇಡಿ. ತುಟಿ ಮುಚ್ಚಿಯೇ ಶುರುಮಾಡಬೇಕು.

ಹೆಚ್ಚು ಜನ ಎಡವುವುದು ಹತ್ತು ದಾಟಿದ ಮೇಲೆ. ಹನ್ನೆರಡು ಜನ ಎಂದರೆ ‘ವಾತು ಕೂಮಿ ನ ವವೀಲಿ’ (‘ನ’ ಎಂದರೆ ‘ಮತ್ತು’): ಬಿಡಿಸ್ಥಾನ ಮಾತ್ರ ಬದಲಾಗುತ್ತದೆ. ‘ಕೂಮಿ ನ ಮ್ಬೀಲಿ’ ಎಂದರೆ ಅರ್ಥವಾದೀತು, ಕಿವಿಗೆ ಮಾತ್ರ ‘ಎರಡು ಜನರು’ ಎಂದಂತೆ.

ಸಾವಿರಕ್ಕೆ ಎಲ್ಫು. ‘ಎಲ್ಫು ಕೂಮಿ ನ ತಾನೊ’ 15,000 ಆಗಬಹುದು, 10,005 ಕೂಡ. ‘ಕೂಮಿ ನ ತಾನೊ ಎಲ್ಫು’ ಎಂದರೆ ಗೊಂದಲವಿಲ್ಲ. ದುಡ್ಡಿನ ವಿಷಯವಾದರೆ ಅಂಕಿಯಲ್ಲಿ ಬರೆದು ತೋರಿಸುವುದೇ ವಾಸಿ. ಲಕ್ಷಕ್ಕೆ ಲಾಕಿ, ಭಾರತದಿಂದ ಹೋದ ಪದ, ತಾಂಜಾನಿಯಾದಲ್ಲಿ ಶಿಲಿಂಗ್ ಎಣಿಸಲು ದಿನವೂ ಬೇಕು.

ಗಂಟೆ ಲೆಕ್ಕ ಸೂರ್ಯೋದಯದಿಂದ. ಬೆಳಗಿನ ಏಳು ‘ಸಾ ಮೋಜ’, ಒಂಬತ್ತು ‘ಸಾ ತಾತು’. ಗಡಿಯಾರದಲ್ಲಿ ಚಿಕ್ಕ ಮುಳ್ಳು ತೋರಿಸುವ ಅಂಕಿಯ ನೇರ ಎದುರಿನದನ್ನು ಓದಿದರೆ ಮುಗಿಯಿತು. ಮಧ್ಯಾಹ್ನ ಮೂರಕ್ಕೆ ಬರಲಿ ಎಂದುಕೊಂಡು ‘ಸಾ ತಾತು’ ಎಂದರೆ ಅವರು ಬೆಳಿಗ್ಗೆ ಒಂಬತ್ತಕ್ಕೇ ಹಾಜರು.

ವಾರಗಳಲ್ಲೂ ಎರಡೂ ಗುಂಪು ಬೆರೆತಿವೆ. ಶನಿವಾರ ‘ಜುಮಮೋಸಿ’ ಎಂದು ಒಂದರಿಂದ ಶುರುವಾಗಿ ಬುಧವಾರ ‘ಜುಮತಾನೊ’ ಐದಾಗುತ್ತದೆ. ಮರುದಿನ ‘ಅಲ್ಹಮೀಸಿ’, ಅರಬ್ಬಿಯ ಐದು. ಹೀಗೆ ವಾರದಲ್ಲಿ ಐದು ಎರಡು ಸಲ ಬರುತ್ತದೆ, ಆರು ಬರುವುದೇ ಇಲ್ಲ.