ಸ್ಪೆಕ್ಯುಲೇಟಿವ್ ಕತೆ, ಕವಿತೆ, ಪ್ರಬಂಧ: ಎಲ್ಲಿಂದ ಶುರು ಮಾಡೋದು, ಹೇಗೆ ಓದೋದು

ವೈಜ್ಞಾನಿಕ ಕತೆ, ಫ್ಯಾಂಟಸಿ, ದೆವ್ವದ ಕತೆ, ಯಾವುದಕ್ಕೂ ಸೇರದ ವಿಚಿತ್ರ ಕತೆ ಎಲ್ಲವೂ ಸ್ಪೆಕ್ಯುಲೇಟಿವ್ ಫಿಕ್ಷನ್ ಅನ್ನುವ ಹೆಸರಿನಡಿ ಬರುತ್ತವೆ. ಈ ಹೆಸರು ಕೇಳಿದ ತಕ್ಷಣ ತುಂಬಾ ಜನರಿಗೆ ನೆನಪಾಗುವುದು ದಪ್ಪ ದಪ್ಪ ಸರಣಿ ಪುಸ್ತಕಗಳು, ಮೊದಲ ಹಾಳೆಯಲ್ಲಿ ಒಂದು ನಕ್ಷೆ, ಕೊನೆಯಲ್ಲಿ ವಂಶವೃಕ್ಷ. ಅಲ್ಲಿಂದ ಶುರು ಮಾಡಬೇಡಿ. ಸಣ್ಣ ಕತೆಯಿಂದ ಮಾಡಿ. ಇಂಥ ಬರಹಗಳಿಗೇ ಕೊಡುವ ಹ್ಯೂಗೋ ಪ್ರಶಸ್ತಿಯ ಲೆಕ್ಕದಲ್ಲಿ ಸಣ್ಣ ಕತೆ ಅಂದರೆ 7,500 ಪದಕ್ಕಿಂತ ಕಡಿಮೆ. ಒಂದೇ ಸಲ ಕೂತು ಮುಗಿಸಬಹುದು, ಹಿಡಿಸದಿದ್ದರೆ ಜಾಸ್ತಿ ಏನೂ ನಷ್ಟವಿಲ್ಲ.

ಮೊದಲು ರೂಢಿಸಿಕೊಳ್ಳಬೇಕಾದದ್ದು, ಬರೆದದ್ದನ್ನು ಬರೆದ ಹಾಗೇ ನಂಬುವುದು. ಒಂದು ಕತೆ ಹೀಗೆ ಶುರುವಾಗುತ್ತದೆ ಅಂದುಕೊಳ್ಳಿ: "ಅಜ್ಜಿ ಹೋದ ಮೇಲೆ ಮನೆ ಮಾತಾಡುವುದನ್ನು ನಿಲ್ಲಿಸಿತು." ಬೇರೆ ಕತೆಯಲ್ಲಾದರೆ ಇದನ್ನು ದುಃಖದ ಮಾತು ಅಂತ ತಿಳಿದು ಮುಂದೆ ಹೋಗುತ್ತೇವೆ. ಇಲ್ಲಿ ಆ ಮನೆ ನಿಜಕ್ಕೂ ಮಾತಾಡುತ್ತಿದ್ದಿರಬಹುದು. ಹಾಗಾದರೆ ಯಾರ ದನಿಯಲ್ಲಿ? ಅಜ್ಜಿಯ ಜೊತೆ ಮಾತ್ರವಾ? ಪಕ್ಕದ ಮನೆಯೂ ಮಾತಾಡುತ್ತದಾ? ಮುಂದಿನ ವಾಕ್ಯ "ರಿಪೇರಿಯವನು ಬಂದು ನೋಡಿ, ಏನೂ ಕೆಟ್ಟಿಲ್ಲ ಅಂದ" ಅಂತಿದ್ದರೆ ಅದೊಂದು ಲೋಕ. "ಅಮ್ಮ ಗೋಡೆಗೆ ಹಣೆ ಹಚ್ಚಿ ಕ್ಷಮೆ ಕೇಳಿದಳು" ಅಂತಿದ್ದರೆ ಅದು ಬೇರೆಯದೇ ಲೋಕ. ಸಣ್ಣ ಕತೆಯಲ್ಲಿ ಕೂರಿಸಿ ವಿವರಿಸುವಷ್ಟು ಜಾಗ ಇರುವುದಿಲ್ಲ, ಹಾಗಾಗಿ ಆ ಲೋಕದ ನಿಯಮಗಳನ್ನು ಹೀಗೆ ಬೇರೇನೋ ಹೇಳುವ ನೆಪದಲ್ಲಿ ದಾಟಿಸಿಬಿಡುತ್ತಾರೆ. ಮೊದಲ ಎರಡು ಪುಟ ಅರ್ಧಂಬರ್ಧ ಅರ್ಥವಾದರೂ ತಲೆ ಕೆಡಿಸಿಕೊಳ್ಳದೆ ಓದುತ್ತಾ ಹೋಗಿ. ಮುಗಿದ ಮೇಲೆ ಮೊದಲ ಪ್ಯಾರಾ ಮತ್ತೊಮ್ಮೆ ಓದಿ. ಒಳ್ಳೆ ಕತೆಯಾದರೆ ಬೇಕಾದದ್ದೆಲ್ಲಾ ಅಲ್ಲೇ ಇರುತ್ತದೆ, ನಮಗೆ ಕಂಡಿರುವುದಿಲ್ಲ ಅಷ್ಟೇ.

ಓದುವಾಗ ನಾನು ಕೇಳಿಕೊಳ್ಳುವುದು ಎರಡೇ ಪ್ರಶ್ನೆ. ನಮ್ಮ ಲೋಕದ ಯಾವ ನಿಯಮವನ್ನು ಇಲ್ಲಿ ಬದಲಾಯಿಸಿದ್ದಾರೆ? ಅದರಿಂದ ಯಾರಿಗೆ ಲಾಭ, ಯಾರಿಗೆ ಏಟು?

ಬಂಗಾಳದ ಲೇಖಕಿ ರೊಕೆಯಾ ಹುಸೇನ್ 1905ರಲ್ಲಿ ಬರೆದ 'ಸುಲ್ತಾನಾಸ್ ಡ್ರೀಮ್' ತೆಗೆದುಕೊಳ್ಳಿ. ಮದ್ರಾಸಿನ ಒಂದು ಇಂಗ್ಲಿಷ್ ಮಹಿಳಾ ಪತ್ರಿಕೆಯಲ್ಲಿ ಬಂದ ಪುಟ್ಟ ಕತೆ ಅದು. ಬದಲಾಯಿಸಿದ್ದು ಒಂದೇ ನಿಯಮ: ಗಂಡಸರು ಮನೆಯೊಳಗೆ, ಹೆಂಗಸರು ಹೊರಗೆ. ಅಲ್ಲಿನ ಹೆಂಗಸರು ಮೋಡದಿಂದ ನೀರು ಇಳಿಸಿಕೊಳ್ಳುತ್ತಾರೆ, ಬಿಸಿಲಿನ ಕಾವನ್ನು ಹಿಡಿದಿಟ್ಟು ಶತ್ರು ಸೈನ್ಯದ ಮೇಲೆ ಬಿಡುತ್ತಾರೆ. ಆಫೀಸಿನ ಕೆಲಸಕ್ಕೆ ದಿನಕ್ಕೆ ಎರಡು ಗಂಟೆ ಸಾಕಂತೆ. ಗಂಡಸರಿಗೆ ಯಾಕೆ ಇಡೀ ದಿನ ಬೇಕಾಗುತ್ತಿತ್ತು ಅಂದರೆ, ಒಂದು ಚುಟ್ಟ ಸೇದಲು ಅರ್ಧ ಗಂಟೆ, ದಿನಕ್ಕೆ ಹನ್ನೆರಡು ಚುಟ್ಟ, ಅಲ್ಲಿಗೆ ಆರು ಗಂಟೆ ಹೊಗೆಯಲ್ಲೇ ಹೋಯಿತು! ನಗು ಬರುತ್ತದೆ. ಆದರೆ ಗಂಡಸರನ್ನು ಒಳಗಿಟ್ಟರೆ ಅನ್ಯಾಯ ಅಂತ ನಮಗೆ ಅನಿಸಿದ ಕೂಡಲೇ ಕತೆ ನಮ್ಮನ್ನು ಹಿಡಿದುಬಿಟ್ಟಿರುತ್ತದೆ, ಅಲ್ವಾ?

ಚೀನಾದ ಲೇಖಕಿ ಹಾವ್ ಜಿಂಗ್‌ಫಾಂಗ್ ಅವರ 'ಫೋಲ್ಡಿಂಗ್ ಬೀಜಿಂಗ್' ಇದಕ್ಕಿಂತ ಉದ್ದ. ಕೆನ್ ಲಿಯು ಇಂಗ್ಲಿಷಿಗೆ ತಂದ ಇದಕ್ಕೆ 2016ರಲ್ಲಿ ಹ್ಯೂಗೋ ಬಂತು. ಇದರಲ್ಲಿ ಇಡೀ ನಗರವೇ ಮಡಚಿಕೊಳ್ಳುತ್ತದೆ. ನೆಲ ಒಂದೇ, ಸರದಿ ಮೂರು, 48 ಗಂಟೆಗೆ ಒಂದು ಸುತ್ತು. 50 ಲಕ್ಷ ಜನರಿಗೆ 24 ಗಂಟೆ, ಎರಡೂವರೆ ಕೋಟಿ ಜನರಿಗೆ 16 ಗಂಟೆ, ಕಸ ವಿಂಗಡಿಸುವವರೂ ಸೇರಿ ಐದು ಕೋಟಿ ಜನರಿಗೆ ರಾತ್ರಿಯ 8 ಗಂಟೆ. ಉಳಿದ ಹೊತ್ತು ಅವರು ನಿದ್ದೆಯಲ್ಲಿರಬೇಕು. ಬಡತನದ ಮೇಲೆ ಭಾಷಣ ಇಲ್ಲ, ಗಡಿಯಾರ ಒಂದೇ ಸಾಕಾಗಿದೆ.

ಬೇರೆ ಬೇರೆ ಕಡೆಯವರನ್ನು ಓದುವಾಗ ಒಂದು ತಮಾಷೆಯ ತೊಡಕು ಬರುತ್ತದೆ. ಗೊತ್ತಿಲ್ಲದ ಒಂದು ಹಬ್ಬವೋ ಸಂಬಂಧವೋ ಕತೆಯಲ್ಲಿ ಬಂದರೆ, ಅದು ಲೇಖಕರು ಕಟ್ಟಿದ್ದಾ, ಇಲ್ಲ ಅವರ ಊರಲ್ಲಿ ದಿನಾ ನಡೆಯುವುದಾ ಅಂತ ಗೊತ್ತಾಗುವುದಿಲ್ಲ. ಪ್ರತಿ ಸಲವೂ ನಿಲ್ಲಿಸಿ ಹುಡುಕಲು ಹೋಗಬೇಡಿ, ಕತೆಯ ಓಟ ಕೆಡುತ್ತದೆ. ಗುರುತು ಹಾಕಿಕೊಂಡು ಮುಂದೆ ಹೋಗಿ, ಆಮೇಲೆ ನೋಡಿದರಾಯಿತು. ಇನ್ನೊಂದು ಮಾತು. ಒಬ್ಬ ನೈಜೀರಿಯಾದ ಲೇಖಕಿಯನ್ನು ಓದಿ "ಆಫ್ರಿಕಾದ ಕತೆ ಹೀಗಿರುತ್ತದೆ" ಅಂದುಬಿಡಬೇಡಿ. ನೈಜೀರಿಯನ್ ಅಮೆರಿಕನ್ ಲೇಖಕಿ ನೆಡಿ ಒಕೊರಾಫೋರ್ 2019ರಲ್ಲಿ ತಮ್ಮ ಬರಹ ಆಫ್ರೋಫ್ಯೂಚರಿಸಂ (ಹೆಚ್ಚಾಗಿ ಅಮೆರಿಕದ ಕಪ್ಪು ಜನರ ಅನುಭವದಿಂದ ಹುಟ್ಟಿದ ಭವಿಷ್ಯದ ಕಲ್ಪನೆ) ಅಲ್ಲ, ಆಫ್ರಿಕನ್‌ಫ್ಯೂಚರಿಸಂ, ಅದರ ಬೇರು ಆಫ್ರಿಕಾದಲ್ಲೇ ಇದೆ ಅಂತ ಬರೆದಿದ್ದು ಸುಮ್ನೆ ಅಲ್ಲ. ಒಂದೇ ಕಡೆಯಿಂದ ಮೂರ್ನಾಲ್ಕು ಜನರನ್ನಾದರೂ ಓದಿ, ಅವರವರಲ್ಲೇ ಎಷ್ಟು ಜಗಳ ಇದೆ ಅಂತ ಕಾಣುತ್ತದೆ.

ಎಲ್ಲಿ ಸಿಗುತ್ತದೆ? 2000ದಲ್ಲಿ ಶುರುವಾದ 'ಸ್ಟ್ರೇಂಜ್ ಹೊರೈಜನ್ಸ್' ಅನ್ನುವ ಇಂಟರ್ನೆಟ್ಟಿನ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಕತೆ, ಕವಿತೆ, ಪ್ರಬಂಧ ಮೂರೂ ಪುಕ್ಕಟೆ. ಅವರದೇ 'ಸಮೋವರ್' ಅನುವಾದಕ್ಕೇ ಮೀಸಲು, ಮೂಲವೂ ಅನುವಾದವೂ ಜೊತೆಗೇ ಇರುತ್ತವೆ. ಆಫ್ರಿಕಾದ ಕತೆಗಳಿಗೆ 'ಒಮೆನಾನಾ', ಕಪ್ಪು ಲೇಖಕರಿಗೆ 'ಫಾಯಾ'. ಓದಲು ಪುರುಸೊತ್ತಿಲ್ಲ ಅನ್ನುವವರಿಗೆ 'ಕ್ಲಾರ್ಕ್ಸ್‌ವರ್ಲ್ಡ್' ಕತೆಗಳು ಆಡಿಯೋದಲ್ಲೂ ಇವೆ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ, ಒಂದು ಸಾಕು.

ಕವಿತೆಗೆ ಬೇರೆ ದಾರಿ. ಇಂಥ ಕವಿತೆಗಳಿಗೇ ಅಂತ 1978ರಿಂದ ರೈಸ್ಲಿಂಗ್ ಪ್ರಶಸ್ತಿ ಇದೆ, ಆದರೂ ಕತೆ ಓದುವವರಲ್ಲಿ ಮುಕ್ಕಾಲು ಜನ ಇದನ್ನು ಹಾರಿಸಿಬಿಡುತ್ತಾರೆ ಅಂತ ನನ್ನ ಗುಮಾನಿ. ಜೋರಾಗಿ ಓದಿ. ಏನಾಯಿತು ಅಂತ ಹುಡುಕುವ ಮೊದಲು ಯಾರು ಮಾತಾಡುತ್ತಿದ್ದಾರೆ ಅಂತ ನೋಡಿ. "ನಾನು" ಅಂದವರು ಮನುಷ್ಯರೇ ಆಗಬೇಕಿಲ್ಲ, ಕೆಟ್ಟು ನಿಂತ ಉಪಗ್ರಹ ಇರಬಹುದು, ಬತ್ತಿಹೋದ ನದಿ ಇರಬಹುದು. ಅದು ಗೊತ್ತಾದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳಲಿಲ್ಲವಾ, ಇಷ್ಟವಾದ ಒಂದು ಸಾಲು ಇಟ್ಟುಕೊಂಡು ಮುಂದಿನದಕ್ಕೆ ಹೋಗಿ.

ಪ್ರಬಂಧ ಮತ್ತು ವಿಮರ್ಶೆ ಕೊನೆಗಿರಲಿ. ಮೊದಲೇ ಓದಿದರೆ ಕತೆಯಲ್ಲಿ ಅವರು ಕಂಡದ್ದೇ ನಮಗೂ ಕಾಣುತ್ತದೆ. ಒಂದನ್ನು ಮಾತ್ರ ಯಾವಾಗ ಬೇಕಾದರೂ ಓದಬಹುದು: ಅಮೆರಿಕದ ಕಾದಂಬರಿಕಾರ್ತಿ ಉರ್ಸುಲಾ ಲೆ ಗ್ವಿನ್ 1986ರಲ್ಲಿ ಬರೆದ 'ದ ಕ್ಯಾರಿಯರ್ ಬ್ಯಾಗ್ ಥಿಯರಿ ಆಫ್ ಫಿಕ್ಷನ್'. ಮನುಷ್ಯರ ಮೊದಲ ಸಲಕರಣೆ ಆಯುಧ ಅಲ್ಲ, ಕಾಳು ತುಂಬಿಕೊಳ್ಳುವ ಚೀಲದಂಥದ್ದು ಇರಬೇಕು ಅನ್ನುವ ವಾದ ಹಿಡಿದು, ಕತೆಯಲ್ಲಿ ವೀರ, ಯುದ್ಧ, ಗೆಲುವು ಇರಲೇಬೇಕಾ ಅಂತ ಕೇಳುತ್ತಾರೆ. ಇದನ್ನು ಓದಿದ ಮೇಲೆ, "ಈ ಕತೆಯಲ್ಲಿ ಏನೂ ನಡೆಯಲೇ ಇಲ್ಲವಲ್ಲ" ಅಂತ ಪಕ್ಕಕ್ಕೆ ಇಟ್ಟ ಯಾವುದಾದರೂ ಕತೆ ಇದ್ದರೆ ಅದನ್ನೊಮ್ಮೆ ಮತ್ತೆ ತೆಗೆದು ನೋಡಿ.